ಎಂಟರ ಮಗ್ಗಿ ಮತ್ತು ನಾಲ್ಕು ಚಕ್ರದ ಅಡುಗೆಮನೆ

ವಿದೇಶಕ್ಕೆ ಹೋದ ನಮ್ಮವರಿಗೆಲ್ಲ ಅಂಟಿಕೊಳ್ಳುವ ಚಟ ಒಂದಿದೆ. ಅಂಗಡಿಯಲ್ಲಿ ಬೆಲೆಚೀಟಿ ಕಣ್ಣಿಗೆ ಬಿದ್ದ ತಕ್ಷಣ ತಲೆಯೊಳಗೆ ಮಗ್ಗಿ ಶುರುವಾಗುತ್ತೆ. ಅಮೆರಿಕದಲ್ಲಿ ಒಂದು ಮಗ್ಗಿ, ಯೂರೋ ದೇಶಗಳಲ್ಲಿ ಇನ್ನೊಂದು. ನಾವು ಹೋದಾಗ ನಾರ್ವೆಯಲ್ಲಿ ಎಂಟರ ಮಗ್ಗಿ ಸಾಕಾಗಿತ್ತು, ಯಾಕಂದ್ರೆ ಅಲ್ಲಿನ ಒಂದು ಕ್ರೋನರ್‌ಗೆ ನಮ್ಮ ಎಂಟು ರೂಪಾಯಿ ಆಸುಪಾಸು ಇತ್ತು. ಎಂಟು ತಾನೇ, ಸುಲಭ ಅಂದ್ಕೊಂಡು ಹೋದವರಿಗೆ ಒಂದು ಕಪ್ ಕಾಫಿಗೆ 50 ಕ್ರೋನರ್ ಅಂತ ಬೋರ್ಡು ಕಂಡಾಗ ಗೊತ್ತಾಗುತ್ತೆ. ನಾನೂರು ರೂಪಾಯಿ! ಆ ದುಡ್ಡಿಗೆ ಊರಲ್ಲಿ ಅರ್ಧ ಕೇಜಿ ಕಾಫಿಪುಡಿ ಬರುತ್ತಿತ್ತಲ್ಲ ಅನ್ನೋ ಸಂಕಟದಲ್ಲಿ ಮುಂದಿರುವ ಬೆಟ್ಟ, ನೀರು, ಹಿಮ ಯಾವುದೂ ಕಾಣಿಸೋದಿಲ್ಲ.

ಈ ಮಗ್ಗಿಯನ್ನು ನಾವು ತಮಾಷೆ ಮಾಡ್ತೀವಿ. ಆದರೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ಅದು ಬೇರೆ ರೂಪ ತಾಳುತ್ತೆ. ಜೀವಮಾನವೆಲ್ಲ ಸಂಬಳದ ದಿನ ನೋಡಿಕೊಂಡು ಮನೆ ನಡೆಸಿದವರು ಬೆಲೆ ನೋಡಿ ಗೊಣಗೋದಿಲ್ಲ. “ನನಗೆ ಹಸಿವಿಲ್ಲ” ಅಂತಾರೆ. “ಕಾಲು ನೋಯ್ತಿದೆ, ನೀವು ಹೋಗಿ ನೋಡ್ಕೊಂಡು ಬನ್ನಿ, ನಾನಿಲ್ಲೇ ಕೂತಿರ್ತೀನಿ” ಅಂತಾರೆ. ಮಕ್ಕಳ ದುಡ್ಡು ಉಳಿಸೋಕೆ ಅವರಿಗೆ ಗೊತ್ತಿರುವ ದಾರಿ ಅದು. ಅಗ್ಗದ ಪ್ರವಾಸ ಮಾಡೋದು ಹೇಗೆ ಅನ್ನೋ ಸಲಹೆಗಳು ಎಲ್ಲೆಡೆ ಸಿಗುತ್ತವೆ. ಉಳಿಸಿದ ದುಡ್ಡು ಯಾರ ಹೊಟ್ಟೆಯಿಂದ, ಯಾರ ಬೆನ್ನಿನಿಂದ ಬಂತು ಅನ್ನೋ ಲೆಕ್ಕ ಕಡಿಮೆ. ಈ ಸಲದ ಅಂಕಣದಲ್ಲಿ ಆ ಲೆಕ್ಕವನ್ನೂ ಸೇರಿಸಿ ಹೇಳ್ತೀನಿ.

ನಾನು ಮತ್ತು ನನ್ನ ಗಂಡ ಕೆಲಸದ ಮೇಲೆ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದ್ದೇವೆ. ಅಪ್ಪ ಅಮ್ಮ ಹಾಸನದಿಂದ ಬಂದಿದ್ದರು. ಇಲ್ಲಿಂದ ನಾರ್ವೆಯ ಗಡಿಗೆ ಸುಮಾರು 180 ಕಿಲೋಮೀಟರ್, ಅಂದ್ರೆ ಬೆಂಗಳೂರಿಂದ ಹಾಸನಕ್ಕೆ ಹೋದ ಹಾಗೆ. ಎರಡೂ ಷೆಂಗೆನ್ ದೇಶಗಳು, ಅದೇ ವೀಸಾ ನಡೆಯುತ್ತೆ. ಜೂನ್ ಮೊದಲ ವಾರ, ಒಂಬತ್ತು ದಿನ, ನಾಲ್ಕು ಜನ, ಒಂದು ಮೋಟರ್‌ಹೋಮ್. ನಿಜವಾಗಿ ಕ್ಯಾರವಾನ್ ಅಂದ್ರೆ ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಗಾಡಿ. ನಮ್ಮದು ಎಂಜಿನ್ ಸಮೇತ ಒಂದೇ ಗಾಡಿ. ಅಮ್ಮ ಮಾತ್ರ ಕೊನೆಯವರೆಗೂ “ಕ್ಯಾರವಾನು” ಅಂತಲೇ ಕರೆದಳು, ಹಾಗಾಗಿ ನಾನೂ ಅದನ್ನೇ ಬಳಸ್ತೀನಿ.

ಕ್ಯಾರವಾನ್ ಅಂದ ಕೂಡಲೇ ಅಗ್ಗ ಅಂತ ತಿಳಿಯಬೇಡಿ. ಜುಲೈನಲ್ಲಿ ಬಾಡಿಗೆ ಆಕಾಶಕ್ಕೆ ಹೋಗಿರುತ್ತೆ. ಇಬ್ಬರೇ ಹೋಗೋದಾದ್ರೆ ಸಣ್ಣ ಕಾರು ತಗೊಂಡು, ಕ್ಯಾಂಪ್‌ಸೈಟ್‌ಗಳಲ್ಲಿರುವ ಮರದ ಗುಡಿಸಲಿನಲ್ಲಿ ಮಲಗೋದು ಬಹುಶಃ ಕಡಿಮೆಗೆ ಆಗುತ್ತೆ. ಅವನ್ನು ಅಲ್ಲಿ ‘ಹಿಟ್ಟೆ’ ಅಂತಾರೆ. ನಾಲ್ಕು ಜನ ಆದಾಗ ಲೆಕ್ಕ ತಿರುಗುತ್ತೆ. ಹೋಟೆಲ್‌ನಲ್ಲಿ ಎರಡು ರೂಮು, ಜೊತೆಗೆ ಕಾರು ಬಾಡಿಗೆ, ಮೂರು ಹೊತ್ತು ಹೊರಗೆ ಊಟ. ಇದನ್ನೆಲ್ಲ ಕೂಡಿಸಿ ನೋಡಿದಾಗ ಗಾಡಿಯೇ ಗೆದ್ದಿತು. ಅಲ್ಲಿ ಶಾಲೆಗಳ ಬೇಸಿಗೆ ರಜೆ ಶುರುವಾಗೋದು ಜೂನ್ ಕೊನೆಯ ಹೊತ್ತಿಗೆ. ಅದಕ್ಕೂ ಮುಂಚೆ ಹೋದರೆ ಬಾಡಿಗೆ ಕಡಿಮೆ, ಜನ ಕಡಿಮೆ, ಬೆಳಕಂತೂ ರಾತ್ರಿ ಹತ್ತೂವರೆಗೂ ಇರುತ್ತೆ.

ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ನಾರ್ವೆಯಲ್ಲಿ ಎಲ್ಲವೂ ಒಂದೇ ಪ್ರಮಾಣದಲ್ಲಿ ದುಬಾರಿ ಅಲ್ಲ. ಸೂಪರ್‌ಮಾರ್ಕೆಟ್‌ನ ಬ್ರೆಡ್ಡು, ಹಾಲು, ಕ್ಯಾರೆಟ್ಟು ನಾವು ಸ್ವೀಡನ್‌ನಲ್ಲಿ ಕೊಡುವುದಕ್ಕಿಂತ ಹೆಚ್ಚಿರಬಹುದು, ಆದರೆ ಎದೆ ಒಡೆಯುವಷ್ಟಲ್ಲ. ನಿಜಕ್ಕೂ ದುಬಾರಿ ಯಾವುದು ಅಂದ್ರೆ ಇನ್ನೊಬ್ಬರ ಕೈ. ಅಡುಗೆ ಮಾಡುವವರು, ಬಡಿಸುವವರು, ತಟ್ಟೆ ತೊಳೆಯುವವರು ಎಲ್ಲರಿಗೂ ಅಲ್ಲಿ ಮರ್ಯಾದೆಯಿಂದ ಬದುಕುವಷ್ಟು ಸಂಬಳ ಇದೆ. ತೆರಿಗೆಯೂ ಹಾಗೇ: ಅಂಗಡಿಯಿಂದ ಆಹಾರ ಕೊಂಡರೆ 15 ಪರ್ಸೆಂಟ್, ಹೋಟೆಲ್‌ನಲ್ಲಿ ಕೂತು ತಿಂದರೆ 25 ಪರ್ಸೆಂಟ್. ಹಾಗಾಗಿ ನಾರ್ವೆಯಲ್ಲಿ ದುಡ್ಡು ಉಳಿಸುವ ಮೊದಲ ಸೂತ್ರ ‘ನೀವೇ ಬೇಯಿಸಿಕೊಳ್ಳಿ’. ಗಾಡಿಯಲ್ಲಿ ಎರಡು ಒಲೆ, ಸಿಂಕು, ಪುಟ್ಟ ಫ್ರಿಜ್ಜು ಇರೋದೇ ಅದಕ್ಕೆ.

ಎಂಜಿನಿಯರ್ ಬುದ್ಧಿ ನೋಡಿ, ಹೊರಡುವ ಎರಡು ವಾರ ಮುಂಚೆ ನಾನು ಎಕ್ಸೆಲ್ ಶೀಟ್ ತಯಾರು ಮಾಡಿದೆ. ಬಾಡಿಗೆ, ಡೀಸೆಲ್, ಟೋಲ್, ಕ್ಯಾಂಪ್‌ಸೈಟ್, ದಿನಸಿ, ಒಂದೊಂದಕ್ಕೂ ಸಾಲು. ಅಮ್ಮ ಪಕ್ಕದಲ್ಲಿ ಕೂತು ಪೂರ್ತಿ ನೋಡಿ, ಒಂದೇ ಪ್ರಶ್ನೆ ಕೇಳಿದಳು.

“ಅಡುಗೆ ಅಂತ ಬರ್ದಿದೀಯಲ್ಲ, ಮಾಡೋದು ಯಾರು?”

ನನ್ನ ಗಂಡ ನಕ್ಕ. ಅಮ್ಮ ನಗಲಿಲ್ಲ. ಅವಳು ಮುನಿಸಿಕೊಂಡು ಕೇಳಿದ್ದಲ್ಲ, ಸಹಜವಾಗಿ ಕೇಳಿದ್ದು. ಮೂವತ್ತೈದು ವರ್ಷದ ಸಂಸಾರದಲ್ಲಿ ಧರ್ಮಸ್ಥಳ, ತಿರುಪತಿ, ಒಂದು ಸಲ ಕಾಶಿ, ಎಲ್ಲಿಗೆ ಹೋದರೂ ಹಿಂದಿನ ರಾತ್ರಿ ನಿದ್ದೆಗೆಟ್ಟು ಚಪಾತಿ ಲಟ್ಟಿಸಿದವಳು ಅವಳೇ. ಅವಳ ಪಾಲಿಗೆ ಪ್ರವಾಸ ಅಂದ್ರೆ ಜಾಗ ಬದಲಾದ ಅಡುಗೆ.

ಅವತ್ತೇ ಲೆಕ್ಕ ಹಾಕಿದೆವು. ನಾಲ್ಕು ಜನ ಸಾಧಾರಣ ಹೋಟೆಲ್‌ನಲ್ಲಿ ಒಂದು ಹೊತ್ತು ಊಟ ಮಾಡಿದರೆ ತಲೆಗೆ 220 ಅಂತಿಟ್ಟರೂ 880 ಕ್ರೋನರ್. ಅದೇ ಊಟಕ್ಕೆ ಸಾಮಾನು ತಂದು ಬೇಯಿಸಿದರೆ 200 ಸಾಕು. ಉಳಿಕೆ 680, ರೂಪಾಯಿಯಲ್ಲಿ ಸುಮಾರು 5,400. ತರಕಾರಿ ಹೆಚ್ಚೋದರಿಂದ ಹಿಡಿದು ಇಕ್ಕಟ್ಟಾದ ಸಿಂಕಿನಲ್ಲಿ ಪಾತ್ರೆ ತೊಳೆದು ಒರೆಸಿಡೋವರೆಗೆ ಎರಡು ಗಂಟೆ ಅಂದುಕೊಳ್ಳಿ. ಅಂದ್ರೆ ಗಂಟೆಗೆ 2,700 ರೂಪಾಯಿ. “ಅತ್ತೆ, ನಿಮ್ಮ ಸಂಬಳ ನನಗಿಂತ ಜಾಸ್ತಿ ಆಯ್ತು” ಅಂದ ನನ್ನ ಗಂಡ. “ಕೈಗೆ ಬಂದಾಗ ಹೇಳಪ್ಪ” ಅಂದಳು ಅಮ್ಮ.

ಆಮೇಲೆ ಶೀಟಿನಲ್ಲಿ ಇನ್ನೊಂದು ಕಾಲಂ ಸೇರಿತು: ಕೈ ಯಾರದು. ಒಂಬತ್ತು ದಿನ, ನಾಲ್ಕು ಹೆಸರು. ನಿಯಮ ಎರಡೇ. ಒಂದು, ದಿನಕ್ಕೆ ಒಂದೇ ಸಲ ಒಲೆ ಹಚ್ಚೋದು, ಅದೂ ಸಂಜೆ. ಬೆಳಗಿನ ಕಾಫಿಗೆ ಮಾತ್ರ ರಿಯಾಯಿತಿ. ಎರಡು, ಇವತ್ತು ಬೇಯಿಸಿದವರು ಇವತ್ತು ತೊಳೆಯೋ ಹಾಗಿಲ್ಲ.

ಒಂದೇ ಸಲ ಬೇಯಿಸಿದರೆ ಮಧ್ಯಾಹ್ನಕ್ಕೆ ಏನು ಗತಿ ಅಂತ ಕೇಳ್ತೀರಿ. ಇದಕ್ಕೆ ಉತ್ತರ ನಾರ್ವೆಯವರ ಹತ್ತಿರವೇ ಇದೆ, ಅದು ನಮಗೆ ಚೆನ್ನಾಗಿ ಗೊತ್ತಿರುವ ಉತ್ತರ. ಬುತ್ತಿ! ಅವರ ಭಾಷೆಯಲ್ಲಿ ‘ಮಾಟ್‌ಪಾಕೆ’. ಬ್ರೆಡ್ ತುಂಡಿನ ಮೇಲೆ ಚೀಸ್ ಅಥವಾ ಇನ್ನೇನೋ ಒಂದು, ಒಂದರ ಮೇಲೊಂದು ಅಂಟಿಕೊಳ್ಳದಂತೆ ನಡುವೆ ತೆಳು ಕಾಗದ, ಒಟ್ಟು ಸುತ್ತಿ ಚೀಲದಲ್ಲಿ. ಶಾಲೆ ಮಕ್ಕಳಿಂದ ಹಿಡಿದು ದೊಡ್ಡ ಕಂಪನಿಯ ಮ್ಯಾನೇಜರ್‌ವರೆಗೆ ಮಧ್ಯಾಹ್ನ ಇದನ್ನೇ ತಿನ್ನೋದು. ನಡುವೆ ಹಾಕೋ ಆ ಕಾಗದಕ್ಕೂ ಒಂದು ಹೆಸರಿದೆ, ಅಂಗಡಿಯಲ್ಲಿ ಕಟ್ಟು ಕಟ್ಟಾಗಿ ಮಾರ್ತಾರೆ. 1930ರ ದಶಕದಲ್ಲಿ ಓಸ್ಲೋ ಶಾಲೆಗಳಲ್ಲಿ ಬಿಸಿ ಊಟದ ಬದಲು ಬ್ರೆಡ್ಡು, ಹಾಲು, ಹಸಿ ತರಕಾರಿ ಅಥವಾ ಹಣ್ಣು ಕೊಡುವ ‘ಓಸ್ಲೋ ಉಪಾಹಾರ’ ಬಂತು. ಆ ಅಭ್ಯಾಸವೇ ಮುಂದೆ ಮನೆಯ ಬುತ್ತಿಯಾಗಿ ಬೇರುಬಿಟ್ಟಿತು. ಇಷ್ಟು ಶ್ರೀಮಂತ ದೇಶದ ಜನ ಇವತ್ತಿಗೂ ಬೆಟ್ಟ ಹತ್ತಿ, ಬಂಡೆ ಮೇಲೆ ಕೂತು, ಚೀಲದಿಂದ ತಣ್ಣನೆಯ ಬ್ರೆಡ್ಡು, ಥರ್ಮಾಸ್ ಫ್ಲಾಸ್ಕಿನಿಂದ ಬಿಸಿ ಕಾಫಿ ತೆಗೀತಾರೆ. ಅದನ್ನು ನೋಡಿದ ಮೇಲೆ ನಮ್ಮ ಬುತ್ತಿ ಬಿಚ್ಚೋಕೆ ಅಪ್ಪನಿಗೆ ಸಂಕೋಚ ಆಗಲಿಲ್ಲ. ಇದೇನು ಸಣ್ಣ ವಿಷಯ ಅಲ್ಲ. ದುಡ್ಡಿಲ್ಲ ಅಂತ ಬುತ್ತಿ ತಿನ್ನೋದಕ್ಕೂ, ಊರಿನವರೆಲ್ಲ ಹಾಗೇ ತಿನ್ನುತ್ತಾರೆ ಅಂತ ತಿನ್ನೋದಕ್ಕೂ ಬಾಯಿಗೆ ರುಚಿಯೇ ಬೇರೆ.

ನಮ್ಮ ಬುತ್ತಿ ಏನೇನು? ಊರಿಂದ ಬಂದ ಪುಳಿಯೋಗರೆ ಗೊಜ್ಜು ಮೊದಲ ಸ್ಥಾನ. ಸಂಜೆ ಅನ್ನ ಮಾಡುವಾಗಲೇ ಎರಡು ಲೋಟ ಹೆಚ್ಚಿಗೆ ಇಟ್ಟು, ಆರಿಸಿ, ಕಲಸಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮರುದಿನದ ಮಧ್ಯಾಹ್ನ ಮುಗೀತು. ಎರಡನೆಯದು ಗೊಜ್ಜವಲಕ್ಕಿ. ಅದಕ್ಕೆ ಒಲೆಯೇ ಬೇಡ, ನೆನೆಸಿ ಕಲಸಿದರಾಯ್ತು. ಮೂರನೆಯದು ಅಲ್ಲಿನ ಬ್ರೆಡ್ಡು, ಬೆಣ್ಣೆ, ಮೇಲೆ ನಮ್ಮ ಚಟ್ನಿಪುಡಿ. ನಾರ್ವೆಯ ಕಂದು ಚೀಸ್ ‘ಬ್ರೂನುಸ್ಟ್’ ಕೂಡ ತಂದೆವು. ಸ್ವಲ್ಪ ಸಿಹಿ, ಹಾಲುಕೋವದ ದೂರದ ನೆಂಟ. ಅಪ್ಪನಿಗೆ ಹಿಡಿಸಿತು, ಅಮ್ಮನಿಗೆ ಇಲ್ಲ.

ಇಲ್ಲಿ ಕಸ್ಟಮ್ಸ್ ಬಗ್ಗೆ ಒಂದು ಮಾತು. ಭಾರತದಿಂದ ಯುರೋಪಿಗೆ ಬರುವವರು ಹಾಲಿನ ಪದಾರ್ಥ ತರುವ ಹಾಗಿಲ್ಲ. ಅಂದ್ರೆ ಮನೆಯ ತುಪ್ಪ, ಪೇಡ ಬೇಡ. ಕಾಫಿಪುಡಿ, ಮಸಾಲೆ ಪುಡಿಗಳಿಗೆ ತೊಂದರೆ ಆಗಲಿಲ್ಲ. ಸ್ವೀಡನ್ನಿಂದ ನಾರ್ವೆಗೆ ಹೋಗುವಾಗ ಇನ್ನೊಂದು ವಿಚಿತ್ರ ನಿಯಮ ಇದೆ. ಹಣ್ಣು, ತರಕಾರಿ ಸ್ವಲ್ಪ ಮಟ್ಟಿಗೆ ಒಯ್ಯಬಹುದು, ಆಲೂಗಡ್ಡೆ ಮಾತ್ರ ಕೂಡದು! ಅಲ್ಲಿನ ಬೆಳೆಗೆ ರೋಗ ಹರಡಬಾರದು ಅಂತ. ಹಾಗಾಗಿ ಆಲೂಗಡ್ಡೆ ಪಲ್ಯದ ಸಾಮಾನು ಗಡಿ ದಾಟಿದ ಮೇಲೆ ಕೊಂಡೆವು.

ಉಳಿದ ದಿನಸಿಯನ್ನು ಗಡಿಗೆ ಮುಂಚೆಯೇ, ಸ್ವೀಡನ್ನಿನ ಸ್ಟ್ರೋಮ್‌ಸ್ಟಾಡ್ ಹತ್ತಿರ ತುಂಬಿಸಿಕೊಂಡೆವು. ಅಲ್ಲಿನ ಪಾರ್ಕಿಂಗ್ ಜಾಗದಲ್ಲಿ ನೋಡಿದರೆ ಬಹುಪಾಲು ನಾರ್ವೆಯ ಕಾರುಗಳು. ಗಡಿ ದಾಟಿ ಬಂದು ಅಗ್ಗದ ಸಾಮಾನು ತುಂಬಿಕೊಂಡು ಹೋಗೋದು ಅವರ ಹಳೆಯ ರೂಢಿ, ಅದಕ್ಕೆ ‘ಹ್ಯಾರಿಹಾಂಡೆಲ್’ ಅಂತ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಹೆಸರೂ ಇದೆ. ‘ಹ್ಯಾರಿ’ ಅಂದ್ರೆ ಸ್ವಲ್ಪ ಅಗ್ಗದ ಅಭಿರುಚಿಯವನು ಅಂತ. ಟ್ರಾಲಿ ತುಂಬ ಸಾಮಾನು ತಳ್ಳಿಕೊಂಡು ಹೋಗುವ ನಾರ್ವೆಯ ದಂಪತಿಗಳನ್ನು ನೋಡಿ ಅಪ್ಪ, “ಇವರಿಗೂ ದುಬಾರಿಯೇನೋ ಹಂಗಾದ್ರೆ” ಅಂದರು. ಅವರ ಮುಖದಲ್ಲಿ ಸಮಾಧಾನ ಕಂಡಿತು.

ತುಂಬಿಸಿಕೊಳ್ಳುವಾಗ ತೂಕ ನೆನಪಿರಲಿ. ಸಾಮಾನ್ಯ ಕಾರಿನ ಲೈಸೆನ್ಸ್‌ನಲ್ಲಿ ಓಡಿಸಬಹುದಾದ್ದು ಒಟ್ಟು 3,500 ಕೇಜಿವರೆಗಿನ ಗಾಡಿ. ಇದರಲ್ಲಿ ಜನ, ಅಕ್ಕಿ, ಕುಕ್ಕರ್, ನೀರು ಎಲ್ಲ ಸೇರಿತು. ನೂರು ಲೀಟರ್ ನೀರೇ ನೂರು ಕೇಜಿ. ಟ್ಯಾಂಕ್ ಪೂರ್ತಿ ತುಂಬಿಸದೆ ಅರ್ಧ ತುಂಬಿಸಿ, ದಾರಿಯಲ್ಲಿ ಮತ್ತೆ ಹಿಡಿದುಕೊಳ್ಳೋದು ಜಾಣತನ. ಕುಡಿಯೋಕೆ ನಲ್ಲಿ ನೀರೇ ಸಾಕು, ಅಲ್ಲಿ ಬಾಟಲಿ ನೀರಿಗೆ ದುಡ್ಡು ಕೊಡೋದು ದಂಡ.

ಅಂಗಡಿ ವಿಷಯದಲ್ಲಿ ಇನ್ನೆರಡು ಮಾತು. ಭಾನುವಾರ ನಾರ್ವೆಯಲ್ಲಿ ದೊಡ್ಡ ಅಂಗಡಿಗಳೆಲ್ಲ ಬಂದ್. 100 ಚದರ ಮೀಟರ್‌ಗಿಂತ ಚಿಕ್ಕ ದಿನಸಿ ಅಂಗಡಿಗಳು, ಪೆಟ್ರೋಲ್ ಬಂಕ್‌ಗಳು ತೆರೆದಿರುತ್ತವೆ, ಬೆಲೆ ಜಾಸ್ತಿ. ಹಾಗಾಗಿ ಶನಿವಾರ ಸಂಜೆಯೇ ಖರೀದಿ ಮುಗಿಸಿ. ಎರಡನೆಯದು, ಬಾಟಲಿ ಮತ್ತು ಕ್ಯಾನ್‌ಗಳ ಠೇವಣಿ. ಅಲ್ಲಿ ಅದಕ್ಕೆ ‘ಪಾಂಟ್’ ಅಂತಾರೆ. ಚಿಕ್ಕದಕ್ಕೆ 2 ಕ್ರೋನರ್, ದೊಡ್ಡದಕ್ಕೆ 3. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗೆ ಕೊಟ್ಟರೆ ಚೀಟಿ ಬರುತ್ತೆ, ಬಿಲ್ಲಿನಲ್ಲಿ ಕಳೆಯುತ್ತಾರೆ. ಈ ಯಂತ್ರಗಳಿಗೆ ಹೆಸರಾದ ಟೋಮ್ರಾ ಕಂಪನಿ ನಾರ್ವೆಯದೇ, 1972ರಲ್ಲಿ ಶುರುವಾದದ್ದು. ಯಂತ್ರದ ಮುಂದೆ ಅಪ್ಪ ನಿಂತ ಸಂಭ್ರಮ ನೋಡಬೇಕಿತ್ತು.

ಮಲಗೋದೆಲ್ಲಿ? ನಾರ್ವೆಯಲ್ಲಿ ‘ಎಲ್ಲರ ಹಕ್ಕು’ ಅನ್ನೋ ಹಳೆಯ ಸಂಪ್ರದಾಯ ಇದೆ, 1957ರಲ್ಲಿ ಕಾನೂನಾಗಿ ಬಂತು. ಬೇಸಾಯ ಮಾಡದ ಬಯಲು, ಕಾಡುಗಳಲ್ಲಿ ಯಾರು ಬೇಕಾದರೂ ನಡೆಯಬಹುದು. ಜನವಾಸದ ಮನೆಯಿಂದ 150 ಮೀಟರ್ ದೂರದಲ್ಲಿ ಎರಡು ರಾತ್ರಿವರೆಗೆ ಟೆಂಟ್ ಹಾಕಬಹುದು. ಆದರೆ ಈ ಹಕ್ಕು ಕಾಲಿಗೆ, ಚಕ್ರಕ್ಕಲ್ಲ. ಗಾಡಿಯನ್ನು ರಸ್ತೆ ಬಿಟ್ಟು ಹುಲ್ಲಿಗೆ ಇಳಿಸೋ ಹಾಗಿಲ್ಲ. ನಿಷೇಧದ ಬೋರ್ಡ್ ಇಲ್ಲದ ತಂಗುದಾಣದಲ್ಲಿ ರಾತ್ರಿ ನಿಲ್ಲಿಸಿಕೊಂಡವರು ಸಾಕಷ್ಟು ಮಂದಿ, ನಾವೂ ಮೂರು ರಾತ್ರಿ ಹಾಗೆ ಮಲಗಿದೆವು. ಉಳಿದ ಐದು ರಾತ್ರಿ ದುಡ್ಡು ಕೊಟ್ಟು ಕ್ಯಾಂಪ್‌ಸೈಟ್‌ನಲ್ಲಿ. ರಾತ್ರಿಗೆ 400 ಕ್ರೋನರ್ ಆಸುಪಾಸು. ಅಷ್ಟಕ್ಕೆ ಕರೆಂಟು, ನೀರು, ಶೌಚದ ಟ್ಯಾಂಕ್ ಖಾಲಿ ಮಾಡುವ ಜಾಗ, ಬಿಸಿನೀರಿನ ಸ್ನಾನ, ಎಲ್ಲಕ್ಕಿಂತ ಮುಖ್ಯವಾಗಿ ಎಲ್ಲರಿಗೂ ಸೇರಿದ ಅಡುಗೆಮನೆ. ಗಾಡಿಯೊಳಗೆ ಸಾಸಿವೆ ಸಿಡಿದರೆ ಹೊಗೆಯ ಅಲಾರಂ ಅರಚುತ್ತೆ, ಇಂಗಿನ ವಾಸನೆ ಹಾಸಿಗೆಯಲ್ಲಿ ಮೂರು ದಿನ ಇರುತ್ತೆ. ಒಗ್ಗರಣೆ ಕೆಲಸವೆಲ್ಲ ಆ ಅಡುಗೆಮನೆಗೆ ಮೀಸಲು. ಅರವತ್ತು ದಾಟಿದವರು ಜೊತೆಗಿದ್ದರೆ ಸತತ ಎರಡು ರಾತ್ರಿಗಿಂತ ಹೆಚ್ಚು ಬಿಟ್ಟಿ ಜಾಗ ಬೇಡ. ಒಳ್ಳೆಯ ಬಚ್ಚಲಿನಲ್ಲಿ ಉಳಿತಾಯ ಮಾಡಬಾರದು. ಅವರ ಪ್ರವಾಸ ವಿಮೆಯಲ್ಲೂ ಅಷ್ಟೇ.

ಡೀಸೆಲ್ ಲೆಕ್ಕ ಸರಳ. ನಮ್ಮ ಗಾಡಿ ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟಿತು, ಲೀಟರಿಗೆ 20 ಕ್ರೋನರ್ ಆಸುಪಾಸು. ಅಂದ್ರೆ ಪ್ರತಿ ನೂರು ಕಿಲೋಮೀಟರಿಗೆ 200. ಒಟ್ಟು 1,500 ಕಿಲೋಮೀಟರ್ ಓಡಿಸಿದೆವು. ಉತ್ತರ ತುದಿವರೆಗೂ ಹೋಗೋಣ ಅನ್ನೋ ಆಸೆ ಬಿಟ್ಟಿದ್ದೇ ದೊಡ್ಡ ಉಳಿತಾಯ. ಟೋಲ್‌ನಲ್ಲಿ ಗೇಟ್ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತೆ, ಬಿಲ್ಲು ಆಮೇಲೆ ಬರುತ್ತೆ. ಅದಕ್ಕೆ ದುಡ್ಡು ಬೇರೆ ಎತ್ತಿಡಬೇಕು. ವೇಗದ ದಂಡ ಅಲ್ಲಿ ವಿಪರೀತ, ಒಂದು ಸಲ ಸಿಕ್ಕಿಬಿದ್ದರೆ ವಾರದ ದಿನಸಿ ಹೋಯ್ತು. ದುಡ್ಡಿಲ್ಲದೆ ಸಿಗುವ ಅಚ್ಚರಿಗಳೂ ಇವೆ. 24.5 ಕಿಲೋಮೀಟರ್ ಉದ್ದದ ಲೆರ್ದಾಲ್ ಸುರಂಗ, 2000ದಲ್ಲಿ ತೆರೆದದ್ದು, ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ, ಟೋಲ್ ಇಲ್ಲ. ಚಾಲಕರಿಗೆ ಮಂಪರು ಹತ್ತದಿರಲಿ ಅಂತ ಒಳಗೆ ಮೂರು ಕಡೆ ನೀಲಿ ಬೆಳಕಿನ ಗುಹೆಗಳು. 182 ಮೀಟರ್ ಧುಮುಕುವ ವೋರಿಂಗ್ಸ್‌ಫೋಸೆನ್ ಜಲಪಾತ ನೋಡೋಕೆ ಟಿಕೆಟ್ ಇಲ್ಲ.

ಇಷ್ಟೆಲ್ಲ ನಿಯಮ ಮಾಡಿದರೂ ಮೂರನೆಯ ದಿನ ಮನೆಯ ಹಳೆಯ ಅಭ್ಯಾಸ ತಲೆ ಎತ್ತಿತು. ಬೆಳಗಿನ ಐದು ಗಂಟೆಗೆ ಸದ್ದು. ಎದ್ದು ನೋಡಿದರೆ ಅಮ್ಮ ಮೊಣಕಾಲಿನಷ್ಟು ಅಗಲದ ಜಾಗದಲ್ಲಿ ನಿಂತು ಚಪಾತಿ ಲಟ್ಟಿಸ್ತಿದ್ದಾಳೆ. ಹಿಂದಿನ ಮಧ್ಯಾಹ್ನ ಅಪ್ಪ “ಹಸಿವಿಲ್ಲ” ಅಂತ ಅರ್ಧ ಡಬ್ಬಿ ವಾಪಸ್ ಇಟ್ಟಿದ್ದರು, ಕೆಫೆಯಲ್ಲಿ ಏನಾದ್ರೂ ತಗೊಳ್ಳೋಣ ಅಂದ್ರೂ ಬೇಡ ಅಂದಿದ್ದರು. ಅವರು ತಿನ್ನಲಿ ಅಂತ ಇವಳು, ದುಡ್ಡು ಉಳೀಲಿ ಅಂತ ಅವರು. ಕಿಟಕಿಯಾಚೆ ಫ್ಯೋರ್ಡಿನ ನೀರು ಕನ್ನಡಿ ಹಾಗೆ ನಿಂತಿತ್ತು. ನಾನು, “ಎಷ್ಟು ಚೆನ್ನಾಗಿದೆ ನೋಡಮ್ಮ ಹೊರಗೆ” ಅಂದೆ. “ಸಕಲೇಶಪುರದ ಕ್ವಾರ್ಟರ್ಸ್‌ನಲ್ಲಿ ಒಲೆ ಮುಂದೆ ಗೋಡೆ ಇತ್ತು. ಇಲ್ಲಿ ಕಿಟಕಿ ಇದೆ, ಅಷ್ಟೇ. ಒಲೆ ಒಲೆಯೇ” ಅಂದಳು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಲಟ್ಟಣಿಗೆ ಕೈಯಿಂದ ತಗೊಂಡು ಅವಳನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ, ಕಾಫಿ ಕೊಟ್ಟೆ. ಉಳಿದ ಚಪಾತಿ ನನ್ನ ಗಂಡ ಲಟ್ಟಿಸಿದ, ನಕ್ಷೆ ತರಹ ಬಂದವು, ಯಾರೂ ಮಾತಾಡಲಿಲ್ಲ.

ಅವತ್ತೇ ಅಪ್ಪನಿಗೆ ಖಜಾಂಚಿ ಪಟ್ಟ ಕೊಟ್ಟೆವು. ಒಟ್ಟು ದುಡ್ಡು ಆಗಲೇ ಖರ್ಚಾಗಿದೆ ಅಂತ ಅವರಿಗೆ ಶೀಟ್ ತೋರಿಸಿ ಹೇಳಿದೆ. ರೂಪಾಯಿಗೆ ಗುಣಿಸೋದೆಲ್ಲ ಮನೆಯಲ್ಲೇ ಮುಗಿದಿದೆ, ಇಲ್ಲಿ ಲೆಕ್ಕ ಕ್ರೋನರ್‌ನಲ್ಲಿ ಮಾತ್ರ. ಊಟ, ತಿಂಡಿ, ಸಣ್ಣಪುಟ್ಟದಕ್ಕೆ ದಿನಕ್ಕೆ 500 ಕ್ರೋನರ್. ಉಳಿದದ್ದು ಮರುದಿನಕ್ಕೆ ಸೇರುತ್ತೆ, ಆದರೆ ಕೊನೆಯ ದಿನ ಉಳಿಕೆ ಇರಬಾರದು. ಒಂದು ಬೇರೆ ಕಾರ್ಡ್ ಅವರ ಕೈಗೆ. ನೋಟು ಅಲ್ಲಿ ಹೆಚ್ಚುಕಡಿಮೆ ಬೇಡವೇ ಬೇಡ, ಎಲ್ಲ ಕಡೆ ಕಾರ್ಡ್ ನಡೆಯುತ್ತೆ. ನೀವು ಭಾರತದ ಕಾರ್ಡ್ ಬಳಸೋದಾದ್ರೆ, ಯಂತ್ರ ‘ರೂಪಾಯಿಯಲ್ಲಿ ಕೊಡ್ತೀರಾ’ ಅಂತ ಕೇಳಿದಾಗ ಬೇಡ ಅನ್ನಿ, ಕ್ರೋನರ್‌ನಲ್ಲೇ ಕೊಡಿ. ಯಂತ್ರ ಮಾಡುವ ಪರಿವರ್ತನೆಯಲ್ಲಿ ನಷ್ಟ ನಿಮಗೇ.

ಮನುಷ್ಯ ಬದಲಾದ್ದು ನೋಡಿ. ‘ಉಳಿಸಬೇಕು’ ಅನ್ನೋ ಭಾರ ಇದ್ದವರಿಗೆ ‘ಸರಿಯಾಗಿ ಖರ್ಚು ಮಾಡಬೇಕು’ ಅನ್ನೋ ಕೆಲಸ ಸಿಕ್ಕಿತು. ಅಂಗಡಿಯಲ್ಲಿ ಯಾವ ಬ್ರೆಡ್ಡು ಅಗ್ಗ, ಯಾವ ಸೇಬು ಇವತ್ತು ರಿಯಾಯಿತಿ ಅಂತ ಅವರೇ ಹುಡುಕತೊಡಗಿದರು. ಐದನೆಯ ದಿನ ಸಂಜೆ 140 ಕ್ರೋನರ್ ಮಿಕ್ಕಿದೆ ಅಂತ ಘೋಷಿಸಿ, ಬೇಕರಿಗೆ ಹೋಗಿ ನಾಲ್ಕು ಬನ್ ತಂದರು. ಅಮ್ಮ ಮುರಿದು ಬಾಯಿಗಿಟ್ಟವಳೇ ಕಣ್ಣು ದೊಡ್ಡದು ಮಾಡಿದಳು. “ಏಲಕ್ಕಿ!” ನಾರ್ವೆಯವರ ಬನ್ನಿಗೆ ಏಲಕ್ಕಿ ಬೇಕೇ ಬೇಕು. ಏಲಕ್ಕಿ ತೋಟಗಳ ನಡುವೆ ಅರ್ಧ ಆಯಸ್ಸು ಕಳೆದವಳಿಗೆ ಅದು ಹಿಮದ ಬೆಟ್ಟದ ಕೆಳಗೆ ಸಿಕ್ಕಿತು. ಮೊಟ್ಟೆ ಹಾಕಿರ್ತಾರೇನೋ ಅನ್ನೋ ಪ್ರಶ್ನೆ ಯಾರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಬೇಕರಿಗೆ ಮೊದಲಿಂದಲೂ ವಿನಾಯಿತಿ.

ಈಗ ದುಬಾರಿ ಖರ್ಚಿನ ಮಾತು. ಫ್ಲೋಮ್ ರೈಲು. ಫ್ಯೋರ್ಡಿನ ದಡದ ಫ್ಲೋಮ್‌ನಿಂದ 866 ಮೀಟರ್ ಎತ್ತರದ ಮಿರ್ದಾಲ್‌ಗೆ 20 ಕಿಲೋಮೀಟರ್, 20 ಸುರಂಗ, ಸುಮಾರು ಒಂದು ಗಂಟೆ. ನಾಲ್ವರ ಟಿಕೆಟ್ ಸೇರಿದರೆ ನಮ್ಮ ಐದು ರಾತ್ರಿಯ ಕ್ಯಾಂಪ್‌ಸೈಟ್ ಬಾಡಿಗೆಗಿಂತ ಹೆಚ್ಚು. ಅಪ್ಪ ರೈಲ್ವೆಯಲ್ಲಿದ್ದವರು, ಸಕಲೇಶಪುರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿ, 57 ಸುರಂಗ ಅವರಿಗೆ ಕಂಠಪಾಠ. ಅಲ್ಲಿ ಏರು 50ಕ್ಕೆ 1. ಫ್ಲೋಮ್‌ನಲ್ಲಿ 18ಕ್ಕೆ 1 ಅಂತ ಓದಿದವರು, “ಹಲ್ಲುಚಕ್ರ ಇಲ್ಲದೆ ಸುಮ್ನೆ ಹಳಿ ಮೇಲೆ ಹತ್ತುತ್ತಾ?” ಅಂತ ನಾಲ್ಕು ಸಲ ಕೇಳಿದರು. ಟಿಕೆಟ್ ಬೆಲೆ ಕೇಳಲಿಲ್ಲ. ಕೌಂಟರ್‌ನಲ್ಲಿ ಊರಿಂದ ತಂದಿದ್ದ ಫಾರೆಕ್ಸ್ ಕಾರ್ಡ್ ತೆಗೆದು ತಾವೇ ಕೊಟ್ಟರು. ದಾರಿಯುದ್ದ ಕಿಟಕಿಗೆ ಮುಖ ಒತ್ತಿಕೊಂಡಿದ್ದು, ಸುರಂಗ ಬಂದಾಗಲೆಲ್ಲ ಅಮ್ಮನಿಗೆ ಏನೋ ವಿವರಿಸ್ತಿದ್ದರು. ಘಾಟಿಯ ಮಳೆಗಾಲದಲ್ಲಿ ರಾತ್ರಿಪಾಳಿ ಮುಗಿಸಿ ಬರೋವರೆಗೂ ಅವಳು ಎಚ್ಚರವಿದ್ದು ಕಾಯ್ತಿದ್ದ ದಿನಗಳ ಮಾತು ಬಂತು. ಅವರಿಬ್ಬರೂ ಅಷ್ಟು ಹೊತ್ತು ಅಕ್ಕಪಕ್ಕ ಕೂತು ಮಾತಾಡಿದ್ದನ್ನು ನಾನು ನೋಡಿದ್ದು ಕಡಿಮೆ.

ಅದಕ್ಕೇ ನನ್ನ ಸಲಹೆ ಏನಂದ್ರೆ, ದುಬಾರಿ ದೇಶಕ್ಕೆ ಹೋಗುವಾಗ ಎಲ್ಲದರಲ್ಲೂ ಚೂರು ಚೂರು ಕತ್ತರಿಸಬೇಡಿ. ಜೊತೆಯಲ್ಲಿರುವ ಪ್ರತಿಯೊಬ್ಬರಿಗೂ ‘ಇದೊಂದು ಬೇಕೇ ಬೇಕು’ ಅನ್ನುವಂಥದ್ದು ಯಾವುದು ಅಂತ ಮೊದಲೇ ಕೇಳಿ, ಅದಕ್ಕೆ ಧಾರಾಳವಾಗಿ ಎತ್ತಿಡಿ. ಉಳಿದದ್ದರಲ್ಲಿ ಆ ಊರಿನವರು ಹೇಗೆ ಬದುಕ್ತಾರೋ ಹಾಗೆ ಬದುಕಿ. ಅಪ್ಪನದು ರೈಲು. ಅಮ್ಮನನ್ನು ಕೇಳಿದಾಗ ಅವಳು ತಡಮಾಡದೆ, “ಒಂದು ದಿನ ಹೋಟ್ಲಲ್ಲಿ ಕೂತು ಉಣ್ಣಬೇಕು, ಬಡಿಸೋರು ಬಡಿಸಬೇಕು, ಎದ್ದು ಕೈ ತೊಳ್ಕೊಂಡು ಬರಬೇಕು” ಅಂದಿದ್ದಳು. ಎಂಟನೆಯ ದಿನ ಹಾರ್ಡಾಂಗರ್ ಕಡೆಯ ಒಂದು ಊರಿನಲ್ಲಿ ಹಾಗೇ ಉಂಡೆವು. ತರಕಾರಿ ಸೂಪು, ಬ್ರೆಡ್ಡು, ಪಾಸ್ತಾ, ಕೊನೆಗೆ ಸೇಬಿನ ಕೇಕು. ಬಿಲ್ಲು 900 ದಾಟಿತು. ತಟ್ಟೆ ಎತ್ತಲು ಬಂದ ಹುಡುಗಿಗೆ ಅಮ್ಮ ಕನ್ನಡದಲ್ಲೇ “ಥ್ಯಾಂಕ್ಸ್ ಕಣಮ್ಮ” ಅಂದಳು, ಅವಳೂ ನಕ್ಕಳು. ಅಪ್ಪ ಬಿಲ್ಲು ಮಡಚಿ ಜೇಬಿಗಿಟ್ಟುಕೊಂಡರು, ಎಷ್ಟಾಯ್ತು ಅಂತ ಜೋರಾಗಿ ಹೇಳಲಿಲ್ಲ.

ಒಟ್ಟು ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಗಾಡಿ ಬಾಡಿಗೆ, ಮಿಕ್ಕಿದ್ದು ಊಟ, ಡೀಸೆಲ್, ರೈಲು ಮುಂತಾದ್ದು. ನಾಲ್ವರ ಒಂಬತ್ತು ದಿನದ ಹೊಟ್ಟೆಪಾಡು, ಆ ಹೋಟೆಲ್ ಊಟ ಬಿಟ್ಟು, ಸುಮಾರು 4,500 ಕ್ರೋನರ್‌ನಲ್ಲಿ ಮುಗೀತು. ‘ಕೈ ಯಾರದು’ ಕಾಲಂ ಕೂಡಿಸಿದಾಗ ಸಂಜೆಯ ಅಡುಗೆ ನನ್ನ ಗಂಡನದು ಮೂರು, ನನ್ನದು ಎರಡು, ಅಮ್ಮನದು ಎರಡು, ಅಪ್ಪನದು ಒಂದು. ಅಪ್ಪನದು ಉಪ್ಪಿಟ್ಟು. ಅರವತ್ತನಾಲ್ಕರ ವಯಸ್ಸಿನಲ್ಲಿ ಮೊದಲ ಉಪ್ಪಿಟ್ಟು, ಕ್ಯಾಂಪ್‌ಸೈಟ್ ಅಡುಗೆಮನೆಯಲ್ಲಿ, ಪಕ್ಕದ ಒಲೆಯಲ್ಲಿ ಮೀನು ಹುರಿಯುತ್ತಿದ್ದ ಜರ್ಮನ್ ಅಜ್ಜನ ಸಮಕ್ಷಮದಲ್ಲಿ. ಸ್ವಲ್ಪ ಗಂಟುಗಂಟಾಗಿತ್ತು.

ಹಾಸನಕ್ಕೆ ವಾಪಸ್ ಹೋದ ಮೇಲೆ ಅಮ್ಮ ಫೋನ್‌ನಲ್ಲಿ ಹೇಳಿದ ಸುದ್ದಿ: ಈಗ ಭಾನುವಾರ ಬೆಳಗಿನ ಉಪ್ಪಿಟ್ಟು ಅಪ್ಪನ ಪಾಲು. ಗಂಟು ಈಗಲೂ ಇದೆಯಂತೆ, ಕಡಿಮೆಯಾಗಿದೆಯಂತೆ.